ಕುಚ್ಚಲಕ್ಕಿಯಲ್ಲಿ ಮೂರು ದಿನ ಮಲಗಿದ ಡ್ರೋನ್

ತಮಗೆ ಸಿಟ್ಟೇ ಬರುವುದಿಲ್ಲ ಎಂದು ಹೇಳಿಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅಂಥವರು ಒಂದು ವಾರ ಕೊಟ್ಟಾರದ ನನ್ನ ರಿಪೇರಿ ಅಂಗಡಿಯಲ್ಲಿ ಕುಳಿತು ನೋಡಲಿ. ಮೊದಲು ರೇಡಿಯೊ ಬರುತ್ತಿತ್ತು, ಆಮೇಲೆ ಟಿವಿ, ಆಮೇಲೆ ಮೊಬೈಲು, ಈಗ ಡ್ರೋನು. ವಸ್ತು ಬದಲಾಯಿತೇ ಹೊರತು ತರುವವರ ಮಾತು ಬದಲಾಗಲಿಲ್ಲ. “ನಾನೆಂತ ಮಾಡ್ಲಿಲ್ಲ ಮಾರಾಯ್ರೆ, ಅದೇ ಹಾಳಾಯ್ತು.” ಒಮ್ಮೆ ಒಬ್ಬರ ಟಿವಿಯೊಳಗಿಂದ ಅರ್ಧ ನೀರುದೋಸೆ ತೆಗೆದಿದ್ದೇನೆ. ಅದೂ ತಾನಾಗಿಯೇ ಒಳಗೆ ಹೋಗಿತ್ತಂತೆ. ಇದಕ್ಕೆಲ್ಲ ನಗಬೇಕು ಎನ್ನುತ್ತಾಳೆ ನನ್ನ ಹೆಂಡತಿ. ಅವಳಿಗೇನು, ಮನೆಯಲ್ಲಿ ಕುಳಿತು ನಗಬಹುದು.

ಕಳೆದ ತಿಂಗಳು ಒಂದು ಗುರುವಾರ ಅವಳ ಅಣ್ಣ, ಅಂದರೆ ನನ್ನ ಭಾವ, ದೊಡ್ಡ ಸ್ಟೀಲ್ ಡಬ್ಬ ಹಿಡಿದುಕೊಂಡು ಅಂಗಡಿಗೆ ಬಂದರು. ಭಾವನದು ತೊಕ್ಕೊಟ್ಟಿನ ಆಚೆ ಹೊಳೆಬದಿಯ ಮನೆ. ಈಗಲೂ ಸ್ವಂತ ದೋಣಿಯಲ್ಲಿ ಮೀನಿಗೆ ಹೋಗುವವರು. ಏನೋ ಒಣಮೀನು ತಂದಿರಬೇಕೆಂದು ನಾನು ಖುಷಿಯಿಂದ ಎದ್ದು ನಿಂತೆ. ಮುಚ್ಚಳ ತೆಗೆದರೆ ಕುಚ್ಚಲಕ್ಕಿ. ಅವರು ಅಕ್ಕಿಯೊಳಗೆ ಮೊಣಕೈವರೆಗೆ ಕೈ ಹಾಕಿ ಒಂದು ಡ್ರೋನ್ ಎಳೆದು ತೆಗೆದರು.

“ಎಂತ ಭಾವ ಇದು?”

“ಮಗಳದ್ದು, ಶ್ರದ್ಧಾಳದ್ದು. ಸೋಮವಾರ ಹದ್ದು ಹೊಡೆದು ಅಳಿವೆಯ ಹತ್ತಿರ ನೀರಿಗೆ ಬಿತ್ತು. ನಾನೇ ಬಲೆ ಬೀಸಿ ಹಿಡಿದೆ. ಮೂರು ದಿನದಿಂದ ಅಕ್ಕಿಯಲ್ಲೇ ಉಂಟು. ಚೆನ್ನಾಗಿ ಒಣಗಿದೆ, ನೀವೊಮ್ಮೆ ನೋಡಿಬಿಡಿ.”

ನನ್ನ ಮೈ ಉರಿದುಹೋಯಿತು. ಅಳಿವೆಯೆಂದರೆ ಹೊಳೆ ಕಡಲು ಸೇರುವ ಜಾಗ, ಅದು ಉಪ್ಪುನೀರು! ಒಣಗಿದಷ್ಟೂ ಉಪ್ಪು ಒಳಗೇ ಕೂತು ಬೋರ್ಡನ್ನು ತಿನ್ನುತ್ತದೆ. ಕೂಡಲೇ ಬ್ಯಾಟರಿ ಕಿತ್ತು, ಸಿಹಿನೀರಿನಲ್ಲಿ ತೊಳೆದು ತರಬೇಕಿತ್ತು. ಕಡಲಿನಿಂದ ಬಂದ ಕೂಡಲೇ ದೋಣಿಯ ಎಂಜಿನ್ನಿಗೆ ದಿನಾ ಸಿಹಿನೀರು ಬಿಡುವ ಮನುಷ್ಯ, ಮಗಳ ಡ್ರೋನನ್ನು ಅಕ್ಕಿಯಲ್ಲಿ ಹೂತಿಟ್ಟಿದ್ದಾರೆ! ನಾನು ಅರ್ಧ ಗಂಟೆ ಕೂಗಾಡಿದೆ. ಭಾವ ಕೈಕಟ್ಟಿ ಕೇಳಿಸಿಕೊಂಡು, “ಸರಿ ಆಗ್ತದಲ್ಲ?” ಎಂದರು, ಅಷ್ಟೇ.

ಸರಿ ಆಗಲೇಬೇಕಿತ್ತು. ಶ್ರದ್ಧಾ ಎರಡು ವರ್ಷ ಬೇರೆಯವರ ಕ್ಯಾಮೆರಾ ಹೊತ್ತು ತಿರುಗಿ, ಈಗಷ್ಟೇ ತನ್ನ ಹೆಸರಿನಲ್ಲಿ ಮೊದಲ ಮದುವೆಯ ಚಿತ್ರೀಕರಣ ಒಪ್ಪಿಕೊಂಡಿದ್ದಳು. ಆ ಭಾನುವಾರವೇ ಮದುವೆ. ಹುಡುಗಿಯ ಕಡೆಯವರು ಇವಳನ್ನು ಗೊತ್ತುಮಾಡಿದ್ದೇ ಡ್ರೋನ್ ಇದೆ ಎಂಬ ಕಾರಣಕ್ಕೆ. ಅದು ಹಾರದಿದ್ದರೆ ಎರಡನೇ ಮದುವೆ ಅವಳಿಗೆ ಸಿಗುವ ಹಾಗಿರಲಿಲ್ಲ.

ಶುಕ್ರವಾರ ಬಿಚ್ಚಿ ಕುಳಿತೆ. ಮೋಟರಿನ ಸಂದಿಯಲ್ಲೂ ಅಕ್ಕಿ. ಒಂದೊಂದೇ ಕಾಳು ಚಿಮಟದಲ್ಲಿ ಹೆಕ್ಕುತ್ತ ಭಾವನಿಗೆ ಬೈದೆ, ಸ್ಪಿರಿಟ್ ಹಾಕಿ ಬ್ರಷ್ಷಿನಲ್ಲಿ ಬೋರ್ಡು ಉಜ್ಜುತ್ತ ಬೈದೆ. ಕೊನೆಗೆ ಥರ್ಮಲ್ ಪೇಸ್ಟಿನ ಕೆಲಸ. ಬೋರ್ಡಿನ ಮೇಲಿನ ಚಿಪ್ಪಿಗೂ ಅದರ ಬಿಸಿ ಎಳೆದುಕೊಳ್ಳುವ ಲೋಹದ ತಗಡಿಗೂ ನಡುವೆ ಹಚ್ಚುವ ಬೂದು ಬಣ್ಣದ ಪೇಸ್ಟ್ ಇದು. ಇದಿಲ್ಲದಿದ್ದರೆ ಬಿಸಿ ಚಿಪ್ಪಿನಲ್ಲೇ ಉಳಿದು ಡ್ರೋನ್ ಕೆಟ್ಟುಹೋಗುತ್ತದೆ. ಇದರ ಬದಲು ಟೂತ್‌ಪೇಸ್ಟ್ ಹಚ್ಚಿಕೊಂಡು ಬಂದವರನ್ನೂ ನೋಡಿದ್ದೇನೆ. ಆ ಸಿಟ್ಟಿನ ಕಥೆ ಬೇರೆ. ಹಳೆಯ ಪೇಸ್ಟನ್ನು ಪೂರ್ತಿ ಒರೆಸಿ ತೆಗೆಯಬೇಕು, ಹೊಸದನ್ನು ಸಾಸಿವೆ ಕಾಳಿನಷ್ಟೇ ಇಡಬೇಕು. ಒಂದು ಚಿಪ್ ಒರೆಸಿ ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಶ್ರದ್ಧಾಳ ಫೋನ್. “ಮಾಮ, ಆಯ್ತಾ?” ನಾನು ಉಪ್ಪಿನಿಂದ ಹಿಡಿದು ಅಕ್ಕಿಯವರೆಗೆ ಎಲ್ಲವನ್ನೂ ಅವಳಿಗೆ ಮೊದಲಿಂದ ಬೋಧಿಸಿದೆ. ಪಾಪ, ಕೇಳಿದಳು. ಫೋನಿಟ್ಟು ಬಂದು ಪೇಸ್ಟ್ ಹಚ್ಚಿ ಸ್ಕ್ರೂ ಬಿಗಿದೆ.

ಶನಿವಾರ ಅಪ್ಪ, ಮಗಳು ಹೊಸ ಬ್ಯಾಟರಿ ಹಿಡಿದುಕೊಂಡು ಬಂದರು. ಅಂಗಡಿಯ ಹಿಂದಿನ ಖಾಲಿ ಜಾಗದಲ್ಲಿ ಹಾರಿಸಿದೆವು. ಡ್ರೋನ್ ಏರಿತು, ನಾನು ಕಾಲರ್ ಸರಿಮಾಡಿಕೊಂಡೆ. ಐದೇ ನಿಮಿಷ. ವಿಪರೀತ ಬಿಸಿಯಾಗಿದೆ, ಇಳಿಸಿ ಎಂದು ರಿಮೋಟ್ ಬಡಿದುಕೊಳ್ಳತೊಡಗಿತು.

“ಅಕ್ಕಿ! ಎಲ್ಲ ಆ ಅಕ್ಕಿಯಿಂದ!” ಎಂದು ಕಿರುಚುತ್ತ ಒಳಗೆ ಬಂದು ಮತ್ತೆ ಬಿಚ್ಚಿದೆ. ಅಷ್ಟರಲ್ಲಿ ಮದುಮಗಳ ಅಣ್ಣನ ಫೋನ್ ಬಂದು ಶ್ರದ್ಧಾ ಹೊರಗೆ ಹೋದಳು. “ಉಂಟು ಉಂಟು, ನಾಳೆ ಡ್ರೋನ್ ಉಂಟು” ಎನ್ನುವಾಗ ಅವಳ ಸ್ವರ ನಡುಗುತ್ತಿದ್ದದ್ದು ನಮಗೆ ಕೇಳಿಸಿತು. ಭಾವ ನನ್ನ ಬೆನ್ನ ಹಿಂದೆ ಬಗ್ಗಿ ನೋಡಿದರು.

“ಇದೆಂತ, ಎರಡು ಪದರ ಉಂಟಲ್ಲ?”

ಉಂಟು. ಕೆಳಗೆ ಉಪ್ಪು ಹಿಡಿದು ಗಟ್ಟಿಯಾದ ಹಳೆಯ ಪೇಸ್ಟ್, ಮೇಲೆ ನಾನು ಹಚ್ಚಿದ ಹೊಸದು. ಎರಡನೇ ಚಿಪ್ಪನ್ನು ಒರೆಸಿಯೇ ಇರಲಿಲ್ಲ!

“ಹಳೇದು ಕೆರೆಯದೆ ಹಚ್ಚಿದ್ದಾ?” ಭಾವ ಸ್ವರ ತಗ್ಗಿಸಿದರು. “ದೋಣಿಗೆ ನಾವು ಹಾಗೆ ಪೈಂಟ್ ಹೊಡೀತೇವಾ ಮಾರಾಯ್ರೆ?”

ನಾನೂ ಮೀನುಗಾರರ ಮನೆಯವನೇ. ಮೀಸೆ ಮೂಡುವ ಮೊದಲೇ ಅಪ್ಪನ ದೋಣಿಯ ತಳ ಕೆರೆದವನು. ಒಂದು ಅಂಗೈಯಗಲ ಬಿಟ್ಟರೂ ಅಪ್ಪ ಮತ್ತೆ ಮೊದಲಿಂದ ಕೆರೆಸುತ್ತಿದ್ದರು. ಎಂಜಿನ್ ತೊಳೆಯುವ ಭಾವ ಡ್ರೋನ್ ತೊಳೆಯಲಿಲ್ಲವೆಂದು ಎರಡು ದಿನ ಹಾರಾಡಿದ್ದು ನಾನು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಬಾಯಿ ಮುಚ್ಚಿಕೊಂಡು ಒರೆಸಿದೆ, ಸಾಸಿವೆಯಷ್ಟು ಇಟ್ಟೆ, ಮುಚ್ಚಿದೆ. ಈ ಸಲ ಡ್ರೋನ್ ಇಪ್ಪತ್ತು ನಿಮಿಷ ಹಾರಿತು, ರಿಮೋಟ್ ತುಟಿಪಿಟಕ್ಕೆನ್ನಲಿಲ್ಲ.

ಶ್ರದ್ಧಾಳಿಗೆ ಕಣ್ಣೀರೇ ಬಂತು. “ಎಂತ ಆಗಿತ್ತು ಮಾಮ?”

ನಾನು ಗಂಟಲು ಸರಿಪಡಿಸಿಕೊಂಡೆ. ಹೇಳಬೇಕೆಂದೇ ಇದ್ದೆ, ದೇವರಾಣೆಗೂ. ಅಷ್ಟರಲ್ಲಿ ಭಾವ ನಡುವೆ ಬಂದರು. “ಒಂದು ಕಾಳು ಅಕ್ಕಿ ಒಳಗೆ ಸಿಕ್ಕಿಕೊಂಡಿತ್ತು ಮಗಾ. ತಪ್ಪು ನನ್ನದೇ.”

ಇಂಥ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ? ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು. ಆಗಲಾದರೂ ನಿಜ ಹೇಳಬಹುದಿತ್ತು. ನಾನು ಶ್ರದ್ಧಾಳ ಕಡೆ ತಿರುಗಿ, ಕನ್ನಡಕ ಮೇಲೇರಿಸಿ, “ನಾನು ಗುರುವಾರವೇ ಹೇಳಿದ್ದೆ” ಎಂದೆ.