ನಿಟ್ಟೂರು ಬಿಯರಿನ ಮಂಜೂರಾದ ನಾತ

ಗುಬ್ಬಿ ತಾಲ್ಲೂಕು ನಿಟ್ಟೂರಿನ ಸಿದ್ದಗಂಗಯ್ಯನವರ ಬಿಯರು ಕಾಲುಚೀಲದ ನಾತ ಹೊಡೆಯುತ್ತದೆಂಬುದು ೨೦೦೩ನೇ ಇಸವಿ ಮಾರ್ಚ್ ಹನ್ನೊಂದರಂದು ಬೆಳಿಗ್ಗೆ ಹತ್ತೂವರೆಗೆ ಅಧಿಕೃತವಾಗಿ ಸಾಬೀತಾಯಿತು. ಊರಿಗೆಲ್ಲ ಮೊದಲೇ ಗೊತ್ತಿತ್ತು, ಆದರೆ ಊರಿನ ಮೂಗುಗಳಿಗೆ ಸೀಲು ಇಲ್ಲವಾದ್ದರಿಂದ ಅದನ್ನು ಪರಿಗಣಿಸುವಂತಿರಲಿಲ್ಲ.

ಹಾಪ್ಸ್ ಅಂದರೆ ಬಿಯರಿಗೆ ಕಹಿಯನ್ನೂ ಘಮವನ್ನೂ ಕೊಡುವ ಬಳ್ಳಿಯ ಹೂವು. ತುಮಕೂರಿನ ‘ಹೊಸಬಳ್ಳಿ ಉತ್ತೇಜನ ಕೋಶ’ದವರು ಆರು ಸಸಿಯನ್ನೂ, ಮನೆಯಲ್ಲೇ ಬಿಯರ್ ಮಾಡಲು ಪ್ರಾಯೋಗಿಕ ಪರವಾನಗಿಯನ್ನೂ ಕೊಟ್ಟಿದ್ದರು. ಸಿದ್ದಗಂಗಯ್ಯ ಬಳ್ಳಿಗಳನ್ನು ತೆಂಗಿನ ಮರಕ್ಕೆ ಹಬ್ಬಿಸಿ, ಮೂರು ವರ್ಷ ಸ್ವಂತ ಮಕ್ಕಳಿಗೂ ಹೊಟ್ಟೆಕಿಚ್ಚಾಗುವ ಹಾಗೆ ಸಾಕಿದರು. ಹೂ ಬಿಟ್ಟಾಗ ತಮಗೆ ಗೊತ್ತಿದ್ದ ಒಂದೇ ವಿದ್ಯೆ ಪ್ರಯೋಗಿಸಿದರು: ಕೊಬ್ಬರಿಗೆ ಕಾಯಿ ಹಾಕುವ ಹಾಗೆ ಅಟ್ಟಕ್ಕೆ ಹಾಕಿ ಹನ್ನೊಂದು ತಿಂಗಳು ಮರೆತರು. ಕಾಯಿ ಕೊಬ್ಬರಿಯಾಯಿತು. ಹೂವು ಕಾಲುಚೀಲವಾಯಿತು.

ಸ್ಯಾಂಪಲ್ಲು ಪಾಸಾಗದಿದ್ದರೆ ಬಳ್ಳಿಯನ್ನು ಬೇರುಸಮೇತ ಕೀಳತಕ್ಕದ್ದೆಂದು ನಿಯಮ. ಕೋಶದ ಅಧಿಕಾರಿ ಷಡಕ್ಷರಿ ಕುಡುಗೋಲಿನ ಸಮೇತ ಜವಾನ ಜುಂಜಪ್ಪನನ್ನು ಕರೆದುಕೊಂಡೇ ಬಂದಿದ್ದರು. ಪರೀಕ್ಷಕರು ನಿಷ್ಪಕ್ಷಪಾತಿಗಳಾಗಿರಬೇಕಲ್ಲ, ಅದಕ್ಕೇ ಜನ್ಮದಲ್ಲಿ ಬಿಯರ್ ಮುಟ್ಟದವರನ್ನೇ ಆ ಹುದ್ದೆಗೆ ಹಾಕುತ್ತಾರೆ. ಷಡಕ್ಷರಿ ಲೋಟ ಮೂಸಿ ಕಣ್ಣು ಮುಚ್ಚಿದರು.

“ಫಾರಮ್ಮಲ್ಲಿ ಒಪ್ಪಿತ ದುರ್ವಾಸನೆ ಮೂರೇ ಇರೋದು ಕಣ್ರೀ. ಬೆಣ್ಣೆ, ಬೆಂದ ಜೋಳ, ಒದ್ದೆ ರಟ್ಟು. ಇದ್ಯಾವ್ದು?”

“ಕಾಲುಚೀಲ ಅಂತಾರೆ ಸಾ, ಎಲ್ರೂ,” ಅಂದರು ಸಿದ್ದಗಂಗಯ್ಯ, ಕಣ್ಣು ಬಳ್ಳಿ ಮೇಲಿಟ್ಟು.

“ಅಂತಾರೆ ಅಂದ್ರಾಗಲ್ಲ. ಮಾದರಿ ಇಟ್ಟು ಹೋಲಿಸ್ಬೇಕು. ಹೊಂದಿದ್ರೆ ನಾಲ್ಕನೇದು ಅಂತ ಸೇರಿಸ್ಬೋದು.”

ಆ ಅಂಗಳದಲ್ಲಿ ಬೂಟು ಹಾಕಿದ್ದವರು ಷಡಕ್ಷರಿ ಒಬ್ಬರೇ. ಜುಂಜಪ್ಪ ಸಾಹೇಬರ ಎಡಗಾಲಿಗೆ ಬಗ್ಗಿದ. ಈ ಕಡೆ ಲೋಟ, ಆ ಕಡೆ ಕಾಲುಚೀಲ; ಮೂರು ಸಲ ಮೂಸಿ ಪಂಚನಾಮೆ ಬರೆದರು: ‘ಸರ್ಕಾರಿ ಮಾದರಿಗೆ ಯಥಾವತ್ತಾಗಿ ಹೊಂದುತ್ತದೆ. ಪಾಸು.’ ಕಾಲುಚೀಲಕ್ಕೆ ಅರಗಿನ ಮುದ್ರೆ ಬಿತ್ತು. ಬಳ್ಳಿ ಉಳಿಯಿತು.

ಮಾರನೇ ವರ್ಷ ಸಿದ್ದಗಂಗಯ್ಯನವರಿಗೆ ಮಾನ ಮರ್ಯಾದೆಯ ಯೋಚನೆ ಬಂತು. ಹೂವನ್ನು ಕಿತ್ತ ವಾರದೊಳಗೇ ನೆರಳಲ್ಲಿ ಒಣಗಿಸಿ ಬಿಯರ್ ಮಾಡಿದರು. ಮನೆ ತುಂಬ ಕಿತ್ತಳೆ ಸಿಪ್ಪೆಯ ಘಮ. ಹೆಂಡತಿ ರೇವಮ್ಮ ಬಹಳ ದಿನದ ಮೇಲೆ ಮೂಗಿಂದ ಸೆರಗು ತೆಗೆದರು.

ಷಡಕ್ಷರಿ ಮೂಸಿದರು. ಬೆವರಿದರು.

“ಏನ್ರೀ ಇದು? ನಾತನೇ ಇಲ್ವಲ್ಲ! ಜುಂಜಪ್ಪಾ, ಕುಡುಗೋಲು!”

“ಚೆನ್ನಾಗೈತೆ ಸಾ!” ಅಂದರು ಸಿದ್ದಗಂಗಯ್ಯ.

“ಚೆನ್ನಾಗಿದೆ ಅನ್ನೋ ಕಾಲಂ ಎಲ್ಲಿದೆ, ತೋರ್ಸಿ.”

ಎಲ್ಲರೂ ಸೇರಿ ಫಾರಮ್ಮನ್ನು ಹಿಂದೆ ಮುಂದೆ ತಿರುಗಿಸಿ ಹುಡುಕಿದರು. ಇರಲಿಲ್ಲ. ಅಷ್ಟರಲ್ಲಿ ಜುಂಜಪ್ಪ ಮೊದಲನೇ ಬಳ್ಳಿಯ ಬುಡಕ್ಕೆ ಕೈ ಹಾಕಿದ್ದ.

“ಬುಡ್ಲಾ, ಬುಡು! ಚೆಲ್ತೀನಿ!” ಎಂದು ಸಿದ್ದಗಂಗಯ್ಯ ಕೂಗಿಕೊಂಡರು.

ಇನ್ನು ಮುಂದಿನ ಬೆಳೆಯನ್ನೆಲ್ಲ ಹನ್ನೊಂದು ತಿಂಗಳು ಅಟ್ಟದಲ್ಲಿಟ್ಟು ಶ್ರದ್ಧೆಯಿಂದ ಕೆಡಿಸುವೆನೆಂದು ಮುಚ್ಚಳಿಕೆ ಬರೆದುಕೊಟ್ಟು, ಘಮಘಮಿಸುವ ಡ್ರಮ್ಮನ್ನು ತಿಪ್ಪೆಗೆ ಬಗ್ಗಿಸಿದರು. ಪಕ್ಕದ ಮನೆ ಯಲ್ಲಯ್ಯ ಓಡಿಬಂದು ಬೊಗಸೆ ಒಡ್ಡಿ ಒಂದು ಗುಟುಕು ಕುಡಿದವನೇ ಉಗಿದ.

“ಥೂ! ಏನೋ ಕೆಟ್ಟೋಗೈತೆ ಕಣಣ್ಣೋ. ನಮ್ಮೂರ್ ಬಿಯರ್ ಅನ್ಸಲ್ಲ.”

ಸಿದ್ದಗಂಗಯ್ಯ ಬೆರಳದ್ದಿ ನೆಕ್ಕಿದರು. ಬಳ್ಳಿಗಳ ಕಡೆ ನೋಡಿದರು, ಆರೂ ಇದ್ದವು. ಇನ್ನೊಂದು ಸಲ ನೆಕ್ಕಿದರು.

“ಹೂಂ ಕಣ್ಲಾ,” ಅಂದರು, “ಕೆಟ್ಟೈತೆ.”

ಷಡಕ್ಷರಿ ಅದನ್ನು ಬರೆದುಕೊಂಡು, ರೇವಮ್ಮನವರ ಹೆಬ್ಬೆಟ್ಟು ಸಾಕ್ಷಿ ಹಾಕಿಸಿಕೊಂಡರು.