ಕಂಕುಳಿಂದ ಇಳಿಯದ ಕಾಲು

ಮಕ್ಕಳನ್ನು ಬೆಳೆಸುವ ವಿಷಯದಲ್ಲಿ ನನ್ನ ಸುತ್ತಲಿನವರಷ್ಟು ದಡ್ಡರನ್ನು ನಾನು ಕಂಡಿಲ್ಲ ಎಂದು ಬಹಳ ದಿನ ನಂಬಿದ್ದೆ. ಈಗಲೂ ನಂಬಿದ್ದೇನೆ, ಪಟ್ಟಿಗೆ ಒಂದು ಹೆಸರು ಸೇರಿದೆ, ಅಷ್ಟೆ.

ಎಪ್ಪತ್ತರ ದಶಕದ ಕೊನೆಯ ಮಾತು. ಮಗಳು ಸುಶೀಲ ಗುಬ್ಬಿಯ ಶಾಲೆಯಲ್ಲಿ ಮೇಡಂ. ಅವಳು ತುಮಕೂರಿನಿಂದ ಬೆಳಗಿನ ರೈಲು ಹತ್ತಿದರೆ ಅವಳ ಮಗು ಪದ್ಮ ಸಂಜೆಯ ತನಕ ನನ್ನದು. ಹದಿನೈದು ತಿಂಗಳಾದರೂ ಅದು ನಿಲ್ಲಲೊಲ್ಲದು. ನೆಲಕ್ಕೆ ತಾಗಿಸಿದರೆ ಕಾಲು ಮಡಿಸಿಕೊಂಡು ನೇತಾಡುತ್ತಿತ್ತು, ಥೇಟ್ ಗೂಟಕ್ಕೆ ಹಾಕಿದ ಕೈಚೀಲ.

ಸುದ್ದಿ ಕುಣಿಗಲ್ಲಿನ ಬೀಗಿತ್ತಿಗೆ ಮುಟ್ಟಿತು. ಆಕೆ ಬರೀ ಮಾತಿಗೂ ಜರಿಸೀರೆ ಉಡಿಸುವ ಹೆಂಗಸು. ಬಂದವರೇ ನನ್ನ ಕಾಫಿ ಕುಡಿದು, "ನಮ್ ವಂಶದಲ್ಲಿ ಇಂಥ ಕಾಲಿಲ್ಲ ಕಣ್ರಮ್ಮ. ಯುಗಾದಿಗೆ ನಿಲ್ಲದಿದ್ರೆ ಮಗೂನ ನಮ್ಮೂರಿಗೇ ಕರ್ಕೊಂಡ್ ಹೋಗ್ತೀನಿ" ಎಂದರು. ಕಾಲೇನು ಅವರ ವಂಶದವರು ಹರಿವಾಣದಲ್ಲಿಟ್ಟು ಕೊಟ್ಟದ್ದೇ?

ಹಾಗಲವಾಡಿಯಿಂದ ಬಂದಿದ್ದ ನಮ್ಮ ಅತ್ತೆಯವರದು ಇನ್ನೊಂದು ಶಾಸ್ತ್ರ: "ನರ ಹಿಡ್ಕೊಂಡೈತೆ ಬುಡು. ಹರಳೆಣ್ಣೆ ತಿಕ್ಕು." ತಿಕ್ಕಿದ್ದೇ ತಿಕ್ಕಿದ್ದು, ಮಗು ಕೈಗೆ ಸಿಗದೆ ಜಾರತೊಡಗಿತೇ ಹೊರತು ನಿಲ್ಲಲಿಲ್ಲ. ಪಕ್ಕದ ಮನೆಯ ಗೌರಮ್ಮ ಮಾತ್ರ ಶಾಸ್ತ್ರ ಹೇಳದೆ ಮಗುವನ್ನು ಎತ್ತಿಕೊಂಡು ಬೀದಿ ಸುತ್ತುತ್ತಿದ್ದಳು. ತಪ್ಪು ಇವರೆಲ್ಲರದು ಎಂದು ಸಾಧಿಸಬೇಕಲ್ಲ! ಮಗು ಯಾವಾಗ ಹಾಲು ಕುಡಿಯಿತು, ಯಾರು ಎಣ್ಣೆ ತಿಕ್ಕಿದರು, ಯಾರು ಎತ್ತಿಕೊಂಡರು ಎಂದು ದಿನವೂ ಬರೆದಿಡುವ ಅಭ್ಯಾಸ ನನಗೆ. ಆ ನೋಟ್‌ಬುಕ್ ಹಿಡಿದೇ ಡಾಕ್ಟರ ಬಳಿ ಹೋದೆ. ಬೀಗಿತ್ತಿ ಸಾಕ್ಷಿಗೆಂದು ಜೊತೆಗೆ ಬಂದರು.

ಡಾಕ್ಟರು ಕಾಲು ಮಡಿಸಿದರು, ಎಳೆದರು, ಅಂಗಾಲಿಗೆ ಕಚಗುಳಿ ಇಟ್ಟರು. ಪದ್ಮ ಅವರ ಸ್ಟೆತಾಸ್ಕೋಪಿಗೇ ಒದ್ದಳು. "ಕಾಲಿಗೇನೂ ಆಗಿಲ್ಲ ಕಣಮ್ಮ" ಎಂದು ನಕ್ಕರು. "ಹೊಟ್ಟೇಲಿದ್ದಾಗ ಮಗು ಒದೀತದಲ್ಲ, ಅದು ಬರೀ ತುಂಟತನ ಅಲ್ಲ. ಮಾಂಸಖಂಡ ಎಳೀತಾ ಇದ್ರೇನೇ ಅದನ್ನ ಮೂಳೆಗೆ ಕಟ್ಟೋ ಹಗ್ಗ ಸರಿಯಾಗಿ ಬೆಳೆದು ಬಿಗಿಯಾಗೋದು. ಹುಟ್ಟಿದ ಮೇಲೂ ಅಷ್ಟೇ, ಕೆಲಸ ಕೊಟ್ಟಷ್ಟೂ ಗಟ್ಟಿ. ಈ ಕಾಲಿಗೆ ನೀವು ಕೆಲಸಾನೇ ಕೊಟ್ಟಿಲ್ಲ. ಯಾರು ಇಷ್ಟೊಂದು ಎತ್ಕೊಂಡು ತಿರುಗೋರು?"

ಇದಕ್ಕೇ ಕಾದಿದ್ದೆ. ನೋಟ್‌ಬುಕ್ ಮುಂದಿಟ್ಟೆ. ಡಾಕ್ಟರು ಗಟ್ಟಿಯಾಗಿಯೇ ಓದಿದರು: "ಅಕ್ಕಿ ಆರಿಸುವಾಗ, ನಾನು. ಬಟ್ಟೆ ಒಣಹಾಕುವಾಗ, ನಾನು. ಗೌರಮ್ಮ, ಐದು ನಿಮಿಷ. ರೇಡಿಯೋ ವಾರ್ತೆ ಮುಗಿಯುವ ತನಕ, ನಾನು. ಮಗುವಿಗೆ ನಿದ್ದೆ ಬಂದ ಮೇಲೂ, ನಾನು."

ಬೀಗಿತ್ತಿ ಸೆರಗನ್ನು ಬಾಯಿಗಿಟ್ಟುಕೊಂಡರು. "ಅಯ್ಯೋ ಬುಡಿ ಡಾಕ್ಟ್ರೇ, ಇವರು ಕೆಳಗಿಳಿಸಿದ್ರೆ ಮಗೂಗೆ ನೆಲದ್ದೇ ದೃಷ್ಟಿ ತಾಗೋಗ್ತದೆ!"

ಅವತ್ತಿನಿಂದ ಮಗು ನೆಲದ ಪಾಲು. ಅತ್ತಿತು, ಹೊರಳಿತು, ನನ್ನ ಸೆರಗು ಜಗ್ಗಿತು. ನಾನು ಕೈ ಕಟ್ಟಿಕೊಂಡು ಕೂತೆ. ಬಿಟ್ಟರೆ ಕೈಗಳು ತಾವಾಗಿಯೇ ಮಗುವಿನತ್ತ ಹೋಗಿಬಿಡುತ್ತಿದ್ದವು. ವಾರಗಳು ಉರುಳಿದವು. ಯುಗಾದಿಗೆ ನಾಲ್ಕು ದಿನವಿದೆ ಎನ್ನುವಾಗ ಪದ್ಮ ಒರಳುಕಲ್ಲು ಹಿಡಿದು ಎದ್ದಳು. ಕಾಲು ನಡುಗಿದವು, ಕುಸಿಯಲಿಲ್ಲ. ಆಮೇಲೆ ಕಲ್ಲನ್ನೂ ಬಿಟ್ಟಳು.

ಬೀಗಿತ್ತಿಯ ಮುಖಕ್ಕೆ ಹಿಡಿಯಲು ದಾಖಲೆ ಬೇಕಲ್ಲ. ಕೂಡಲೇ ನೋಟ್‌ಬುಕ್ ತೆರೆದು, "ಪದ್ಮ ಇವತ್ತು ತಾನೇ ನಿಂತಳು" ಎಂದು ದೊಡ್ಡದಾಗಿ ಬರೆದೆ. ಅಕ್ಷರ ಸೊಟ್ಟಪಟ್ಟವಾಗಿವೆ. ಪುಸ್ತಕ ಜಾರುತ್ತಿತ್ತು, ಹಿಡಿದುಕೊಳ್ಳಲು ಇನ್ನೊಂದು ಕೈಗೆ ಬಿಡುವಿರಲಿಲ್ಲ. ಆ ಕಂಕುಳಲ್ಲಿ ಪದ್ಮ ಇದ್ದಳು.