ಕೆಂಪು ಚೀಟಿಯ ಗಿಡ

ಥಂಡರ್ ಬೇ ಊರಿನ ಎಲ್ಮರ್ ಕೊಸ್ಕಿ ಮೂವತ್ತನಾಲ್ಕು ವರ್ಷ ರೈಲು ಗಾಡಿಗಳ ತಪಾಸಣೆ ಮಾಡಿದ ಆಸಾಮಿ. ಟಾರ್ಚಿನ ಬೆಳಕು ಬಿಟ್ಟು, ಚಕ್ರಕ್ಕೆ ಸುತ್ತಿಗೆಯಿಂದ ಟಣ್ ಅಂತ ಒಂದೇಟು ಕೊಟ್ಟರೆ ಸಾಕು, ಡಬ್ಬಿಯ ಜಾತಕವನ್ನೇ ಹೇಳಿಬಿಡುತ್ತಿದ್ದ! ಅಂಥವನು ನಿವೃತ್ತನಾಗಿ ನೆಲಮಾಳಿಗೆಯಲ್ಲಿ ಕಪ್ಪು ಟೆಂಟ್ ನಿಲ್ಲಿಸಿ, ಅಲ್ಲಿನ ಕಾನೂನು ಮನೆಗೆ ಇಷ್ಟೇ ಅಂದ ಲೆಕ್ಕಕ್ಕೆ ಸರಿಯಾಗಿ ನಾಲ್ಕು ಗಾಂಜಾ ಗಿಡ ಇಟ್ಟ. ಇಟ್ಟವನೇ ಘೋಷಣೆ ಹೊರಡಿಸಿದ.

"ಗ್ಲೆಂಡಾ, ಕೇಳಿಸ್ಕೋ! ನನ್ನ ಕಣ್ತಪ್ಪಿಸಿ ಇಲ್ಲಿ ಒಂದು ಎಲೆಗೂ ನೆಗಡಿ ಬರೋ ಹಾಗಿಲ್ಲ!"

"ನೆಗಡಿ ಬರ್ಲಿ ಬಿಡ್ಲಿ, ನನಗೆ ಮುಲಾಮು ಬಂದ್ರೆ ಸಾಕು" ಅಂದಳು ಹೆಂಡತಿ, ಮಂಡಿ ನೀವಿಕೊಳ್ಳುತ್ತಾ.

ಮಂಡಿ ನೋವಿನದೇ ಎಲ್ಲ ಕತೆ. ಹೋದ ವರ್ಷ ಪಕ್ಕದ ಮನೆಯ ಬರ್ನೀಸ್ ಅಜ್ಜಿ ಕೊಟ್ಟ ಒಂದು ಡಬ್ಬಿ ಗಾಂಜಾ ಮುಲಾಮು ಹಚ್ಚಿಕೊಂಡು ಗ್ಲೆಂಡಾ ಚಳಿಗಾಲ ಪೂರ್ತಿ ಮಂಜುಗಡ್ಡೆಯ ಮೇಲೆ ಕರ್ಲಿಂಗ್ ಆಟದ ಕಲ್ಲು ಜಾರಿಸಿದ್ದಳು. ಈ ಸಲ ಬರ್ನೀಸ್ ಮುಲಾಮಿನ ಬದಲು ಸಸಿ ಕೊಟ್ಟು, "ನೀವೇ ಬೆಳ್ಕೊಳ್ಳಿ" ಅಂದಿದ್ದಳು. ಜನವರಿಯೊಳಗೆ ಮಂಡಿ ಬಗ್ಗದಿದ್ದರೆ ತಂಡದವರು ಅವಳನ್ನು ಅಂಕ ಬರೆಯುವ ಹಲಗೆಯ ಪಕ್ಕ ಕೂರಿಸುತ್ತಾರೆ. ಇಪ್ಪತ್ತೆಂಟು ವರ್ಷ ಆಡಿದವಳಿಗೆ ಅದು ಸಾವಿಗಿಂತ ಕಡೆ ಅನ್ನೋದು ಎಲ್ಮರ್‌ಗೆ ಚೆನ್ನಾಗಿ ಗೊತ್ತಿತ್ತು.

ಸಂಜೆ ಏಳರ ಮೇಲೆ ಕರೆಂಟು ಅಗ್ಗ. ಹಾಗಾಗಿ ದೀಪ ಸಂಜೆ ಏಳರಿಂದ ಬೆಳಿಗ್ಗೆ ಏಳರವರೆಗೆ. ನಮ್ಮ ಹಗಲೇ ಗಿಡಗಳಿಗೆ ರಾತ್ರಿ. ಹೂ ಬಿಡುವ ಕಾಲದ ಬಗ್ಗೆ ಬರ್ನೀಸ್ ಇನ್ನೂ ಏನೋ ಹೇಳುತ್ತಿದ್ದಳು. ಕೇಳಿಸಿಕೊಳ್ಳಲು ತಪಾಸಣಾಧಿಕಾರಿಗೆ ಪುರುಸೊತ್ತಿರಲಿಲ್ಲ.

ಹೂ ಶುರುವಾದ ಮೂರನೇ ವಾರ. ಬೆಳಿಗ್ಗೆ ಏಳಕ್ಕೆ ಹೋಗಿ ನೋಡಿದರೆ ನಾಲ್ಕನೇ ಗಿಡದ ಎಲೆಗಳೆಲ್ಲ ಜೋಲುಮೋರೆ ಹಾಕಿಕೊಂಡಿವೆ! ರೈಲಿನವರಲ್ಲಿ ಒಂದು ಪದ್ಧತಿ: ಕೆಟ್ಟ ಡಬ್ಬಿಗೆ ಕೆಂಪು ಚೀಟಿ ಕಟ್ಟಿ ಪಕ್ಕದ ಹಳಿಗೆ ತಳ್ಳುವುದು. ನಿವೃತ್ತಿಯ ದಿನ ಜೇಬಿಗಿಳಿಸಿದ್ದ ಚೀಟಿಗಳಲ್ಲಿ ಒಂದನ್ನು ತೆಗೆದು 'ಸೇವೆಗೆ ಅನರ್ಹ' ಅಂತ ಬರೆದು ಗಿಡಕ್ಕೆ ಕಟ್ಟೇ ಬಿಟ್ಟ.

"ಬಿಸಾಡು ಇದನ್ನ. ಕತೆ ಮುಗೀತು."

"ನಿನ್ನೆ ಸಂಜೆ ಚೆನ್ನಾಗೇ ಇತ್ತಲ್ಲೋ ಮಾರಾಯ!"

"ಮೂವತ್ತನಾಲ್ಕು ವರ್ಷ ಚಕ್ರ ತಟ್ಟಿ ನೋಡಿದ್ದು ನಾನೋ ನೀನೋ?"

"ಇದಕ್ಕೆ ಚಕ್ರ ಎಲ್ಲಿದೆ?" ಅಂತ ಗೊಣಗುತ್ತಾ ಗ್ಲೆಂಡಾ ಕುಂಡ ಎತ್ತಿಕೊಂಡು ಹೋದಳು.

ಉಳಿದ ಮೂರಕ್ಕೆ ಅಂದಿನಿಂದ ರಾಜೋಪಚಾರ! ಬೆಳಿಗ್ಗೆ ಒಂಬತ್ತಕ್ಕೊಮ್ಮೆ, ಹನ್ನೊಂದಕ್ಕೊಮ್ಮೆ, ಒಂದಕ್ಕೊಮ್ಮೆ, ಮೂರಕ್ಕೊಮ್ಮೆ ಟೆಂಟಿನ ಜಿಪ್ಪು ಸರ್ರನೆ ಎಳೆದು, ಟಾರ್ಚು ಬಿಟ್ಟು, ಎಲೆಎಲೆಯನ್ನೂ ವಿಚಾರಿಸಿ ಪುಸ್ತಕದಲ್ಲಿ ಬರೆದಿಟ್ಟ. ಎರಡು ವಾರ ಕಳೆಯುವಷ್ಟರಲ್ಲಿ ಹೂಗಳ ನಡುವೆ ಪುಟ್ಟ ಪುಟ್ಟ ಹಳದಿ ಎಸಳು ಇಣುಕಿದವು.

"ಬಂಗಾರ ಬಿಟ್ಟಿದೆ ಕಣೇ, ಬಂಗಾರ!" ಅಂತ ಕುಣಿದಾಡಿ, ಸಂಜೆ ದೀಪ ಹತ್ತುವ ಹೊತ್ತಿಗೆ ಬರ್ನೀಸಳನ್ನು ಕರೆದುಕೊಂಡು ಬಂದ. ಅಜ್ಜಿ ಕನ್ನಡಕ ಏರಿಸಿ ನೋಡಿದಳು. ಇಳಿಸಿ ನೋಡಿದಳು.

"ಅಲ್ಲಯ್ಯಾ ಎಲ್ಮರ್, ಇದು ಗಂಡು ಕೇಸರ. ಹೆಣ್ಣು ಗಿಡ ಗಾಬರಿಬಿದ್ರೆ ತಾನೇ ಹೀಗೆ ಬಿಟ್ಕೊಳ್ಳುತ್ತೆ. ಇನ್ನು ಹೂ ತುಂಬಾ ಬರೀ ಬೀಜ. ಮುಲಾಮಿಗೆ ಬರಲ್ಲ, ಗುಬ್ಬಿಗೆ ಹಾಕು."

"ಗಾಬರಿ ಮಾಡಿದ್ದು ಯಾರು?"

"ಕತ್ತಲಲ್ಲಿ ಬೆಳಕು ಬಿಟ್ಟವರು. ಹನ್ನೆರಡು ಗಂಟೆ ಗಾಢ ಕತ್ತಲು ಬೇಕು ಅಂತ ಬಡ್ಕೊಂಡೆನಲ್ಲ! ಹಗಲು ಯಾರಾದ್ರೂ ಟೆಂಟ್ ತೆಗೆದ್ರಾ?"

"ನಾನಿರುವಾಗ ಯಾರಿಗಿದೆ ಆ ಧೈರ್ಯ! ಬೇಕಾದ್ರೆ ಪುಸ್ತಕ ನೋಡು!"

ಬರ್ನೀಸ್ ಗಟ್ಟಿಯಾಗಿ ಓದಿದಳು. "ಮಂಗಳವಾರ ಬೆಳಿಗ್ಗೆ ಒಂಬತ್ತು: ಟಾರ್ಚು ಬಿಟ್ಟೆ, ಗಿಡಗಳು ನೆಮ್ಮದಿಯಾಗಿವೆ. ಹನ್ನೊಂದು: ಮತ್ತೆ ಬಿಟ್ಟೆ, ಸ್ವಲ್ಪ ಕಸಿವಿಸಿ. ಒಂದು ಗಂಟೆ: ಕಸಿವಿಸಿ ಹೆಚ್ಚಿದೆ, ಕಾರಣ ತಿಳಿಯದು. ಇನ್ನು ಮೇಲೆ ಗಂಟೆಗೊಮ್ಮೆ ನೋಡತಕ್ಕದ್ದು."

ಎಲ್ಮರ್ ಬಕೆಟ್ ಬೋರಲು ಹಾಕಿ ಅದರ ಮೇಲೆ ಕುಸಿದು ಕೂತ. ಗ್ಲೆಂಡಾಳ ಮಂಡಿ ಕಡೆ ನೋಡಲು ಮುಖವಿಲ್ಲ. ಅಳುವುದೊಂದು ಬಾಕಿ.

"ಹಾಗಾದ್ರೆ... ಎಲೆ ಜೋತುಬಿತ್ತು ಅಂತ ಬಿಸಾಡಿಸಿದ ಆ ನಾಲ್ಕನೇದಕ್ಕೆ ಏನು ರೋಗ?"

"ಬೆಳಿಗ್ಗೆ ಏಳಕ್ಕೆ ನೋಡಿದ್ಯಾ? ದೀಪ ಆರೋ ಹೊತ್ತಿಗೆ ಎಲೆ ಜೋಲುತ್ತೆ. ತೂಕಡಿಕೆ ಕಣಯ್ಯಾ ಅದು!"

ಗ್ಲೆಂಡಾ ಇಬ್ಬರನ್ನೂ ಮೇಲಕ್ಕೆ ಕರೆದೊಯ್ದು ಹೊಲಿಗೆ ಕೋಣೆಯ ಅಲಮಾರಿ ತೆರೆದಳು. ಒಳಗೆ ಸೊಂಟದೆತ್ತರ ಗಿಡ! ಮುಷ್ಟಿಗಾತ್ರದ ಹೂಗಳು, ಸಕ್ಕರೆ ಉದುರಿಸಿದಂಥ ಮಿನುಗು. ಕೊರಳಲ್ಲಿ ಕೆಂಪು ಚೀಟಿ.

"ಬಿಸಾಡೋಕೆ ಮನಸ್ಸು ಬರ್ಲಿಲ್ಲ. ಹಳೇ ದೀಪ ಹಾಕಿ, ಅದೇ ಏಳರಿಂದ ಏಳಕ್ಕೆ ಟೈಮರ್ ತಿರುಗಿಸಿ ಬಾಗಿಲು ಮುಚ್ಚಿದೆ. ಸಂಜೆ ನೀರು, ಅಷ್ಟೇ."

"ಆರೋಗ್ಯ ಹೇಗಿದೆ ಅಂತ ಯಾವಾಗ ನೋಡ್ತಿದ್ದೆ?"

"ನೋಡ್ತಾನೇ ಇರ್ಲಿಲ್ಲ!"

"ಒಂದೇ ಗಿಡ ಸಾಕು ಬಿಡು, ಮಾರ್ಚ್‌ವರೆಗೂ ಹಚ್ಕೋಬಹುದು" ಅಂದಳು ಬರ್ನೀಸ್. ಎಲ್ಮರ್‌ಗೆ ಹೋದ ಜೀವ ಬಂದಂತಾಯಿತು. ಸಂತೋಷಕ್ಕೆ ಕೈ ತಾನಾಗಿ ಟಾರ್ಚಿನ ಕಡೆ ಹೋಯಿತು.

ಗ್ಲೆಂಡಾ ಅದನ್ನು ಕಿತ್ತುಕೊಂಡಳು. ಗಿಡದಿಂದ ಕೆಂಪು ಚೀಟಿ ಬಿಚ್ಚಿ ಗಂಡನ ಅಂಗಿ ಗುಂಡಿಗೆ ಕಟ್ಟಿದಳು.

"ಅಯ್ಯೋ, ಬಿಸಾಡ್ತೀಯೇನೇ ಅವನನ್ನ?" ಬರ್ನೀಸ್ ನಕ್ಕಳು.

"ಛೇ, ಇಲ್ಲಪ್ಪ! ಗಿಡ ಕೊಯ್ದ ಮೇಲೆ ಅಲಮಾರಿ ಖಾಲಿ ಇರುತ್ತೆ. ಇವನನ್ನೂ ಒಂದೆರಡು ತಿಂಗಳು ಒಳಗಿಟ್ಟು ಬಾಗಿಲು ಮುಚ್ಚಿ ನೋಡ್ತೀನಿ. ಸುಧಾರಿಸಿದ್ರೂ ಸುಧಾರಿಸಬಹುದು!"